ಎನ್.ಆರ್. ಕಾಲೋನಿಯ ಔಟ್‌ಹೌಸಿನಲ್ಲಿ ಕೇಳಿದ ಹಾಡುಗಳು

ಬೆಂಗಳೂರಿನ ಮೊದಲ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಬೇರೆಯವರ ಮನೆಯ ನೀರಿನ ಮೋಟರು ಆರಿಸಿದ್ದು.

ಹಿಂದಿನ ಸಂಜೆಯಷ್ಟೇ ಎನ್.ಆರ್. ಕಾಲೋನಿಯ ಆ ಔಟ್‌ಹೌಸಿಗೆ ನನ್ನ ಟ್ರಂಕು ತಂದಿಟ್ಟಿದ್ದೆ. ಔಟ್‌ಹೌಸ್ ಅಂದರೆ ದೊಡ್ಡ ಮನೆಯ ಹಿತ್ತಲಲ್ಲಿ ಕಾಂಪೌಂಡ್ ಗೋಡೆಗೆ ಆನಿಸಿ ಕಟ್ಟಿದ ಒಂದು ಕೋಣೆ, ಅದಕ್ಕೊಂದು ಚಿಕ್ಕ ಅಡುಗೆಮನೆ. ಹಲ್ಲುಜ್ಜುತ್ತಿದ್ದೆ. ಯಾವುದೋ ಯಂತ್ರ ಸುಟ್ಟುಹೋಗುತ್ತಿರುವಂಥ ಸದ್ದು ಶುರುವಾಯಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಆ ಉಜ್ಜಿದ ಸದ್ದನ್ನು ಎಳೆದು, ಬಿಡದೆ ಹಿಡಿದುಕೊಂಡ ಹಾಗೆ. ಹಿತ್ತಲಲ್ಲಿ ಸಂಪಿನ ಪಕ್ಕ ಮೋಟರು ಓಡುತ್ತಿತ್ತು. ನೆಲದೊಳಗೆ ಕಟ್ಟಿಸಿದ ನೀರಿನ ತೊಟ್ಟಿಗೆ ಇಲ್ಲಿ ಸಂಪು ಅನ್ನುತ್ತಾರೆ. ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಓಡಿಹೋಗಿ ಸ್ವಿಚ್ಚು ಆರಿಸಿದೆ. ಮೋಟರು ನಿಂತಿತು. ಸದ್ದು ನಿಲ್ಲಲಿಲ್ಲ.

ಮನೆಯೊಡತಿ ಹಿಂಬಾಗಿಲಿಗೆ ಬಂದು ನನ್ನನ್ನೂ ಸ್ವಿಚ್ಚನ್ನೂ ನೋಡಿದರು.

“ಯಾಕಮ್ಮಾ ಮೋಟ್ರು ಆಫ್ ಮಾಡ್ದೆ? ಇವತ್ತು ಕಾವೇರಿ ಬರೋ ದಿನ. ಮೇಲಿನ ಟ್ಯಾಂಕ್ ತುಂಬಿಸ್ಬೇಕು.”

“ಸುಡಾಕತ್ತಿತ್ರೀ ಅದು. ಸಪ್ಪಳ ಕೇಳಲಿಲ್ಲೇನ್ರೀ?”

“ಅದು ಮೋಟ್ರಲ್ಲ,” ಎಂದರು ಅವರು, ನೂರು ಸಲ ಹೇಳಿ ಸಾಕಾದ ದನಿಯಲ್ಲಿ. “ನಮ್ಮ ಪ್ರಸನ್ನ. ಗಿಟಾರ್ ಬಾರಿಸ್ತಿದಾನೆ.”

ಸದ್ದಿಗಿಂತ ಹೆಚ್ಚಾಗಿ ನನ್ನನ್ನು ತಟ್ಟಿದ್ದು ಆ ‘ಕಾವೇರಿ ಬರೋ ದಿನ’ ಅನ್ನುವ ಮಾತು. ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುವ ನೀರಿಗೆ ಇಲ್ಲಿಯವರು ನದಿಯ ಹೆಸರನ್ನೇ ಇಟ್ಟಿದ್ದರು. ಬಾಗಲಕೋಟೆಯಲ್ಲಿ ನಾವು ಆ ವರ್ಷಗಳಲ್ಲಿ ನದಿ ಮನೆಗೆ ಬಂದೀತೆಂದು ಹೆದರಿ ಕೂತಿದ್ದೆವು. ಇವರು ಬರಲಿ ಎಂದು ಕಾಯುತ್ತಿದ್ದರು.

ಇದನ್ನು ಓದುವ ನಮ್ಮ ಬಾಗಲಕೋಟೆ ಕಡೆಯವರಿಗೆ ಮುಳುಗಡೆಯ ಕಥೆ ಹೇಳಬೇಕಾಗಿಲ್ಲ. ಅಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಬರುತ್ತದೆಂದು ಗೋಡೆಗಳ ಮೇಲೆ ಗುರುತು ಹಾಕಿ ಹೋದ ಮೇಲೆ ನಮ್ಮ ಓಣಿಯ ಮಂದಿ ಒಬ್ಬೊಬ್ಬರಾಗಿ, ಮುಳುಗಡೆಯವರಿಗೆಂದು ಸರ್ಕಾರ ಕಟ್ಟಿಸಿದ ನವನಗರಕ್ಕೆ ಹೋದರು. ನಾನು ಕಲಿಸುತ್ತಿದ್ದ ಸಣ್ಣ ಖಾಸಗಿ ಶಾಲೆಗೆ ಮಕ್ಕಳು ಬರುವುದು ಕಡಿಮೆಯಾಗಿ, ಒಂದು ಬೇಸಿಗೆ ರಜೆಯ ನಂತರ ಬಾಗಿಲು ತೆರೆಯಲೇ ಇಲ್ಲ. ಅಣ್ಣ ಬಟ್ಟೆ ಅಂಗಡಿಯನ್ನು ಎಲ್ಲಿಗೆ ಸಾಗಿಸುವುದೆಂಬ ಚಿಂತೆಯಲ್ಲಿದ್ದ. ಬೆಂಗಳೂರಿನ ಒಂದು ವಾರಪತ್ರಿಕೆಗೆ ಕರಡು ತಿದ್ದುವವರು ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ, ಕರೆದರು, ಬಂದೆ. ಅಷ್ಟರೊಳಗೆ ಮದುವೆಯ ವಯಸ್ಸು ದಾಟಿತ್ತು. ಹಾಗಾಗಿ ಬೇಡವೆಂದು ತಡೆಯುವ ಹುರುಪು ಯಾರಲ್ಲೂ ಇರಲಿಲ್ಲ.

ಮನೆಯೊಡತಿಯ ಹೆಸರು ಸರೋಜಾ. ಬೀದಿಯವರೆಲ್ಲ ‘ಸರೋಜಾ ಮಿಸ್’ ಅನ್ನುತ್ತಿದ್ದರು. ನಮ್ಮಲ್ಲಿ ಅಕ್ಕೋರು ಅನ್ನುವಂತೆ ಇಲ್ಲಿ ಟೀಚರುಗಳಿಗೆ ಮಿಸ್ ಅನ್ನುತ್ತಾರೆ, ಮೊಮ್ಮಕ್ಕಳಿರುವವರಿಗೂ. ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು, ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರು. ಇದ್ದವನು ಒಬ್ಬನೇ ಮಗ ಪ್ರಸನ್ನ, ಆಗಷ್ಟೇ ಬಿ.ಕಾಂ. ಮುಗಿಸಿದ್ದ. ಮೂವರು ಗೆಳೆಯರ ಜೊತೆ ಸೇರಿ ಬ್ಯಾಂಡು ಕಟ್ಟಿದ್ದ.

ಮೊದಮೊದಲು ಎಲ್ಲಕ್ಕೂ ದಣಿಯುತ್ತಿದ್ದೆ. ಊಟಕ್ಕೆ ದಣಿವು: ಸಾಂಬಾರಿಗೆ ಬೆಲ್ಲ ಹಾಕುತ್ತಾರೆಂದು ಗೊತ್ತಿಲ್ಲದೆ ಮೊದಲ ತುತ್ತಿಗೇ ಪಾಯಸವೇನೋ ಕೈತಪ್ಪಿ ಬಿದ್ದಿದೆ ಅಂದುಕೊಂಡೆ. ಜೋಳದ ರೊಟ್ಟಿ ಬೇಕೆಂದರೆ ಮೆಜೆಸ್ಟಿಕ್ಕಿನ ಹತ್ತಿರ ನಮ್ಮ ಕಡೆಯವರ ಖಾನಾವಳಿಗೆ ಬಸ್ಸಿನಲ್ಲಿ ಹೋಗಬೇಕು, ಅಷ್ಟು ದೂರ ಹೋದರೆ ರೊಟ್ಟಿ ತಿನ್ನುವ ಹೊತ್ತಿಗೆ ಹಸಿವೇ ಸತ್ತಿರುತ್ತಿತ್ತು. ಮಾತಿಗೂ ದಣಿವು. ಅಂಗಡಿಯಲ್ಲಿ ‘ಉಳ್ಳಾಗಡ್ಡಿ ಕೊಡ್ರಿ’ ಅಂದರೆ ಅಂಗಡಿಯವನು ನಕ್ಕು ‘ಈರುಳ್ಳೀನಾ ಮೇಡಂ?’ ಅನ್ನುತ್ತಿದ್ದ. ಕನ್ನಡದ ಪತ್ರಿಕೆಯಲ್ಲಿ ಕನ್ನಡ ತಿದ್ದುವ ನಾನು ದಿನಕ್ಕೊಂದು ಸಲವಾದರೂ ನನ್ನ ಕನ್ನಡವನ್ನು ಎರಡೆರಡು ಸಲ ಹೇಳಬೇಕಾಗುತ್ತಿತ್ತು.

ಪತ್ರಿಕೆಯ ಕಚೇರಿ ಚಾಮರಾಜಪೇಟೆಯಲ್ಲಿತ್ತು. ಎನ್.ಆರ್. ಕಾಲೋನಿಯಿಂದ ನಡೆದೇ ಹೋಗುತ್ತಿದ್ದೆ. ಆ ಬೀದಿಗಳಲ್ಲಿ ಆಗ ಮನೆಗೊಂದು ಪ್ರೆಸ್ಸು ಅನ್ನುವ ಹಾಗಿತ್ತು, ಕಿಟಕಿಗಳಿಂದ ಮಸಿಯ ವಾಸನೆ ಬರುತ್ತಿತ್ತು. ಹೋದ ಕೆಲವು ತಿಂಗಳಿಗೆ ಸಂಪಾದಕರು ಯುವಕರಿಗೆಂದು ಒಂದು ಪುಟ ಶುರುಮಾಡಿದರು. ಕ್ಯಾಸೆಟ್ ಕಂಪನಿಗಳು ಹೊಸ ಆಲ್ಬಮ್ಮುಗಳನ್ನು ಪತ್ರಿಕೆಗೆ ಕಳಿಸುತ್ತಿದ್ದ ಕಾಲ ಅದು. ಸಿನಿಮಾ ಹಾಡಿನವನ್ನು, ಭಾವಗೀತೆಯವನ್ನು ಉಳಿದವರು ಹಂಚಿಕೊಂಡರು. ಇಂಗ್ಲಿಷ್ ರಾಕ್ ಸಂಗೀತದವು ಮಾತ್ರ ಸಂಪಾದಕರ ಡ್ರಾಯರಿನಲ್ಲಿ ಉಳಿದುಹೋಗಿದ್ದವು.

“ಗಿರಿಜಾ, ನಿಮಗೆ ಇಂಗ್ಲಿಷು ಓದೋಕೆ ಬರುತ್ತೆ. ಮನೆಗೆ ಹೋದ್ರೆ ಗಲಾಟೆ ಮಾಡೋ ಮಕ್ಕಳೂ ಇಲ್ಲ. ಇವನ್ನ ಕೇಳಿ ಸ್ವಲ್ಪ ಬರ್ಕೊಡಿ,” ಅಂದರು.

“ನನಗ ಇದರಾಗ ಏನೂ ತಿಳಿಯಂಗಿಲ್ರೀ ಸರ್.”

“ನಮ್ಮ ಓದುಗರಿಗೂ ತಿಳಿಯಲ್ಲ. ಅವರ ಪರವಾಗಿ ನೀವು ಕೇಳಿ.”

ಅಂಕಣಕ್ಕೆ ಹೆಸರು ಇಟ್ಟವರೂ ಅವರೇ. ಕ್ಯಾಸೆಟ್ಟುಗಳ ಮೇಲೆ ‘ಆಲ್ಟರ್ನೇಟಿವ್ ರಾಕ್’ ಎಂದಿತ್ತು, ಅವರು ‘ಪರ್ಯಾಯ ರಾಕ್’ ಎಂದು ಕನ್ನಡ ಮಾಡಿದರು. ಮೊದಲ ಸಂಚಿಕೆ ಬಂದ ವಾರ ಒಬ್ಬ ಹಿರಿಯ ಓದುಗರು ಫೋನು ಮಾಡಿ, ಈ ಸಲದ ಪರ್ಯಾಯ ಉಡುಪಿಯ ಯಾವ ಮಠದ್ದು, ಅದಕ್ಕೂ ರಾಕಿಗೂ ಏನು ಸಂಬಂಧ ಎಂದು ಬಹಳ ವಿನಯದಿಂದ ವಿಚಾರಿಸಿದರು. ಉತ್ತರ ಹೇಳುವ ಕೆಲಸ ನನ್ನ ಪಾಲಿಗೇ ಬಂತು.

ನನ್ನ ಹತ್ತಿರ ಟೇಪ್ ರೆಕಾರ್ಡರ್ ಇರಲಿಲ್ಲ. ಪ್ರಸನ್ನನ ಹತ್ತಿರ ಇತ್ತು. ಹಾಗಾಗಿ ಭಾನುವಾರ ಮಧ್ಯಾಹ್ನಗಳಲ್ಲಿ, ಕೆಲವು ಸಂಜೆಗಳಲ್ಲೂ ಅವನು ಅದನ್ನು ಔಟ್‌ಹೌಸಿನ ಮೆಟ್ಟಿಲಿನ ಮೇಲೆ ತಂದಿಡುತ್ತಿದ್ದ. ನಾನು ಒಳಗೆ ಅಕ್ಕಿ ಆರಿಸುತ್ತಲೋ ಬಟ್ಟೆ ಮಡಚುತ್ತಲೋ ಕೇಳುತ್ತಿದ್ದೆ. ನನ್ನ ಮೊದಲ ವಿಮರ್ಶೆ ಅಚ್ಚಾದಾಗ ಅವನು ಓದಿ, ಪತ್ರಿಕೆ ಹಿಡಿದುಕೊಂಡೇ ಔಟ್‌ಹೌಸಿಗೆ ಬಂದ.

“ಅಕ್ಕ, ಕವರ್ ಮೇಲಿರೋ ಚಿತ್ರದ ಬಗ್ಗೆ ಚೆನ್ನಾಗಿ ಬರ್ದಿದೀರ. ಹಾಡು ಕೇಳಿದ್ರಾ?”

“ಕೇಳೀನಿ. ಬರೀ ಗದ್ದಲ.”

“ಗದ್ದಲ ಅಂತ ಬರೀರಿ. ಆದ್ರೆ ಯಾವ ಥರ ಗದ್ದಲ ಅಂತ ಬರೀರಿ. ಸಂತೆ ಗದ್ದಲ ಬೇರೆ, ಸಾವಿನ ಮನೆ ಗದ್ದಲ ಬೇರೆ ಅಲ್ವಾ?”

ಆ ಮಾತು ಅರ್ಥವಾಗಲು ವಾರಗಳೇ ಹಿಡಿದವು. ದೊಡ್ಡ ಕಂಪನಿಗಳ ರಾಕ್ ಸಂಗೀತ ಬರಬರುತ್ತ ನುಣುಪಾಗಿ, ಹೊಳಪು ಬಂದು, ಎಲ್ಲ ಒಂದೇ ಥರ ಆದಾಗ ಅದಕ್ಕೆ ಒಗ್ಗದವರು ತಮ್ಮ ತಮ್ಮ ಮನೆಗಳ ಹಿಂದೆ, ಶೆಡ್ಡುಗಳಲ್ಲಿ ಕೂತು ಮಾಡಿದ ಸಂಗೀತ ಇದು ಎಂದು ಅವನು ತಿಳಿಸಿ ಹೇಳಿದ. ಸದ್ದು ಬೇಕೆಂದೇ ಒಡಕಲು. ದನಿ ಬೇಕೆಂದೇ ಸಣ್ಣದು. ಒಂದು ಆಲ್ಬಮ್ಮಿನಲ್ಲಿ ಹಾಡುವ ಹೆಂಗಸು ಮೈಕಿಗೆ ಎಷ್ಟು ಹತ್ತಿರ ಬಂದಿದ್ದಳೆಂದರೆ ಸಾಲು ಸಾಲಿನ ನಡುವೆ ಅವಳು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ನಮ್ಮಲ್ಲಿ ಹಾಗೆ ಕೇಳಿಸಿದರೆ ತಪ್ಪು. ಅವಳಿಗೆ ಅದು ತಪ್ಪಲ್ಲ, ಹಾಡಿನ ಒಂದು ಭಾಗ. ದಿನವಿಡೀ ಕರಡು ತಿದ್ದಿ ಕಣ್ಣುರಿಯುತ್ತಿದ್ದ ಒಂದು ಸಂಜೆ ಆ ಉಸಿರು ಕೇಳಿ, ಈ ಹೆಂಗಸಿಗೂ ನನ್ನಷ್ಟೇ ಸಾಕಾಗಿದೆ ಅನ್ನಿಸಿತು. ಅದನ್ನೇ ಬರೆದೆ. ಅದೇ ನನ್ನ ಮೊದಲ ನಿಜವಾದ ವಿಮರ್ಶೆ.

ಆಮೇಲೆ ಮಲ್ಲೇಶ್ವರಕ್ಕೂ ಹೋಗತೊಡಗಿದೆ. ಅಲ್ಲಿ ಎಂಟನೇ ಅಡ್ಡರಸ್ತೆಯ ಹತ್ತಿರ ಒಂದು ಕ್ಯಾಸೆಟ್ ಅಂಗಡಿಯಿತ್ತು. ಎದುರಿನ ಸಾಲೆಲ್ಲ ದೇವರನಾಮ, ಹಿಂದಿನ ಒಂದೇ ಒಂದು ಗೂಡಿನಲ್ಲಿ ರಾಕ್. ಅಂಗಡಿಯ ಯಜಮಾನರು ಮೊದಲ ಸಲ ನನ್ನ ಸೀರೆ, ಕುಂಕುಮ ನೋಡಿ ಸುಪ್ರಭಾತದ ಕ್ಯಾಸೆಟ್ ಮುಂದಿಟ್ಟಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ನಾನು ಮೆಟ್ಟಿಲು ಹತ್ತುವಾಗಲೇ “ಬನ್ನಿ ಮೇಡಂ, ನಿಮ್ಮದು ಒಂದು ಹೊಸದು ಬಂದಿದೆ, ಯಾರೂ ಕೇಳ್ತಿಲ್ಲ” ಅನ್ನುವಂತಾದರು. ‘ನಿಮ್ಮದು’ ಅಂದರಲ್ಲ, ಅಷ್ಟಕ್ಕೇ ಖುಷಿಯಾಯಿತು. ಈ ಊರಿನಲ್ಲಿ ನನ್ನದು ಅಂತ ಒಂದು ಗೂಡಾದರೂ ಆಯಿತು. ಅಲ್ಲಿಂದ ಇಳಿದು ಪಕ್ಕದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆ. ದರ್ಶಿನಿಯೆಂದರೆ ಕೂರಲು ಜಾಗವಿಲ್ಲದ ಹೋಟೆಲು. ಊರಲ್ಲಿ ನಿಂತು ಉಣ್ಣುವವರೆಂದರೆ ಭಿಕ್ಷುಕರು ಎಂದು ಅವ್ವ ಬೈಯುತ್ತಿದ್ದಳು. ಇಲ್ಲಿ ಬ್ಯಾಂಕಿನ ಮ್ಯಾನೇಜರೂ ನಿಂತೇ ತಿನ್ನುತ್ತಿದ್ದ.

ಸರೋಜಾ ಮಿಸ್ ನನ್ನನ್ನು ‘ನಮ್ಮ ಗಿರಿಜಾ’ ಅನ್ನತೊಡಗಿದ್ದು ಯಾವಾಗ ಎಂದು ನೆನಪಿಲ್ಲ. ಹುಳಿ ಮಾಡಿದ ದಿನ ಒಂದು ಬಟ್ಟಲು ಹಿಂಬಾಗಿಲಿನಿಂದ ಬರುತ್ತಿತ್ತು, ನನಗಾಗಿ ಬೆಲ್ಲ ಕಡಿಮೆ ಹಾಕಿರುತ್ತಿದ್ದರು. ಅವರಿಗೆ ಮಗನ ಸಂಗೀತ ಕೇಳಿಸುತ್ತಲೇ ಇರಲಿಲ್ಲವೆಂದು ಕಾಣುತ್ತದೆ. ಅದು ಗೋಡೆಯಾಚೆಯ ಟ್ರಾಫಿಕ್ಕಿನ ಹಾಗೆ. ಅವರ ಕಿವಿ ಇದ್ದದ್ದು ಬೇರೊಂದು ಕಡೆ. ಗಂಡ ಕೆಲಸದಲ್ಲಿರುವಾಗಲೇ ತೀರಿಕೊಂಡದ್ದರಿಂದ ಮಗನಿಗೆ ಅದೇ ಇಲಾಖೆಯಲ್ಲಿ ಅನುಕಂಪದ ಆಧಾರದ ಮೇಲೆ ಕೆಲಸ ಸಿಗುತ್ತಿತ್ತು. ಆದರೆ ಗಡುವಿನೊಳಗೆ ಅರ್ಜಿ ಹಾಕಬೇಕು. ಪ್ರಸನ್ನ ಇವತ್ತು ನಾಳೆ ಎಂದು ಮುಂದೂಡುತ್ತಿದ್ದ.

“ಆಲ್ಬಮ್ ಒಂದು ಬಂದ್ಬಿಡ್ಲಿ ಅಮ್ಮ,” ಅನ್ನುತ್ತಿದ್ದ.

ಕೊನೆಗೂ ಅದು ಬಂತು. ಕುಮಾರ ಪಾರ್ಕಿನಲ್ಲಿದ್ದ ಗೆಳೆಯನೊಬ್ಬನ ಮನೆಯ ಕಾರ್ ಶೆಡ್ಡಿನಲ್ಲಿ, ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿ, ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಕೈಲಿದ್ದಷ್ಟರಲ್ಲಿ ಕ್ಯಾಸೆಟ್ ಹೊಡೆಸಿ ಅಂಗಡಿಗಳಿಗೆ ತಾವೇ ಹಂಚಿದರು. ಹಾಡುಗಳೆಲ್ಲ ಇಂಗ್ಲಿಷಿನವು. ಪ್ರಸನ್ನ ಒಂದನ್ನು ನನ್ನ ಕೈಗಿಟ್ಟ, ಟೇಪ್ ರೆಕಾರ್ಡರನ್ನೂ ನನ್ನ ಕೋಣೆಯಲ್ಲೇ ಬಿಟ್ಟ.

“ಬರೀರಿ ಅಕ್ಕ. ನಮ್ಮ ಹುಡುಗ ಅಂತ ನೋಡ್ಬೇಡಿ. ಬೇರೆ ಯಾರದಾದ್ರೂ ಆಗಿದ್ರೆ ಹೇಗೆ ಬರೀತಿದ್ರೋ ಹಾಗೆ ಬರೀರಿ.”

ಮರುದಿನ ಭಾನುವಾರ. ಅವರೆಕಾಯಿಯ ಕಾಲ. ನೆನೆಸಿದ ಅವರೆಕಾಳನ್ನು ಬೆರಳಿನಲ್ಲಿ ಹಿಸುಕಿ ಸಿಪ್ಪೆಯಿಂದ ಬೇಳೆಯನ್ನು ಹೊರಗೆ ಚಿಮ್ಮಿಸುವುದನ್ನು ಇಲ್ಲಿಗೆ ಬಂದ ಮೇಲೆ ಕಲಿತಿದ್ದೆ. ಹಿತುಕಿದ ಬೇಳೆ ಅನ್ನುತ್ತಾರೆ. ಸರೋಜಾ ಮಿಸ್ ಕಾಳಿನ ಪಾತ್ರೆ ತಂದು ಔಟ್‌ಹೌಸಿನ ಮೆಟ್ಟಿಲಿನ ಮೇಲೆ ಕೂತರು. ನಾನೂ ಕೂತೆ. ಪ್ರಸನ್ನ ಮನೆಯಲ್ಲಿರಲಿಲ್ಲ.

“ಕ್ಯಾಸೆಟ್ ಕೊಟ್ನಾ?” ಎಂದರು.

“ಕೊಟ್ಟಾನ್ರೀ ಮಿಸ್.”

“ಕೇಳಿದ್ಯಾ?”

“ಒಮ್ಮೆ ಕೇಳೀನ್ರೀ.”

ಅವರ ಬೆರಳುಗಳು ನಿಲ್ಲಲಿಲ್ಲ. “ಚೆನ್ನಾಗಿಲ್ಲ ಅಂತ ಬರಿ,” ಅಂದರು.

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. “ನಿಮಗ ಅದು ಸೇರಲಿಲ್ಲೇನ್ರೀ?”

“ಚೆನ್ನಾಗಿದ್ಯೋ ಇಲ್ವೋ ನಂಗೊತ್ತಿಲ್ಲ ಗಿರಿಜಾ. ನಾನು ಕೇಳೂ ಇಲ್ಲ. ಅರ್ಜಿ ಹಾಕೋಕೆ ಯುಗಾದಿವರೆಗೆ ಟೈಮಿದೆ, ಅಷ್ಟೆ. ಆಮೇಲೆ ಹೋಯ್ತು ಅಂದ್ರೆ ಹೋಯ್ತು. ಅವರಪ್ಪ ಅವನಿಗೆ ಬಿಟ್ಟು ಹೋಗಿರೋದು ಅದೊಂದೇ. ನಾನು ಹೇಳಿದ್ರೆ ಅಮ್ಮ ಗೊಣಗ್ತಾಳೆ ಅಂತಾನೆ. ನೀನು ಬರೆದ್ರೆ ನಂಬ್ತಾನೆ. ನೀನು ಬರ್ದಿರೋದನ್ನೆಲ್ಲ ಕತ್ತರಿಸಿ ಇಟ್ಕೊಂಡಿದಾನೆ, ಗೊತ್ತಾ?”

ನನಗೆ ಗೊತ್ತಿರಲಿಲ್ಲ.

“ನಾನು ರಿಟೈರ್ ಆಗೋಕೆ ಜಾಸ್ತಿ ವರ್ಷ ಇಲ್ಲ,” ಅಂದರು. “ನಿನ್ನನ್ನ ಬಲವಂತ ಮಾಡ್ತಿಲ್ಲ. ನಿಂಗೂ ಒಬ್ಬ ತಮ್ಮ ಇದ್ದು ಹೀಗೆ ಮಾಡಿದ್ದಿದ್ರೆ ಏನ್ ಮಾಡ್ತಿದ್ದೆ, ಯೋಚ್ನೆ ಮಾಡು.”

ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಅವರು ಗದರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಊರಿನಲ್ಲಿ ನನ್ನನ್ನು ಉಂಡೆಯಾ ಎಂದು ಕೇಳುತ್ತಿದ್ದವರು ಅವರೊಬ್ಬರೇ.

ಕ್ಯಾಸೆಟ್ಟನ್ನು ಮತ್ತೆ ಮತ್ತೆ ಕೇಳಿದೆ. ಕೆಟ್ಟದಾಗಿರಲಿ ಎಂದು ಬಯಸುತ್ತಲೇ ಕೇಳಿದೆ. ಎರಡು ಹಾಡುಗಳು ಬೇರೆ ಯಾರದೋ ನೆರಳು, ಬೆಂಗಳೂರಿನ ಹುಡುಗರು ಕಂಡಿಲ್ಲದ ಹಿಮದ ಬಗ್ಗೆ ಹಾಡಿದ್ದರು. ಡ್ರಮ್ಮಿನ ಸದ್ದು ಪೆಟ್ಟಿಗೆಯೊಳಗಿಂದ ಬಂದಂತಿತ್ತು. ಆದರೆ ಎರಡನೇ ಬದಿಯ ಕೊನೆಗೆ ಒಂದು ನಿಧಾನದ ಹಾಡಿತ್ತು. ಗಿಟಾರು ಹೆಚ್ಚೇನೂ ಮಾಡುತ್ತಿರಲಿಲ್ಲ. ಡ್ರಮ್ಮು ಬಡಿದು, ಕಾದು, ಮತ್ತೆ ಬಡಿಯುತ್ತಿತ್ತು. ಪ್ರಸನ್ನ ಕೂಗದೆ, ಸುಮ್ಮನೆ ಹೇಳುವವನ ಹಾಗೆ ಹಾಡಿದ್ದ. ಹಾಡಿನ ಮಾತುಗಳೆಲ್ಲ ಕಚೇರಿಯ ಕೌಂಟರಿನ ಆಚೆಯಿಂದ ಹೇಳುವ ಮಾತುಗಳು. ಸಾಹೇಬರು ರಜೆ. ಫೈಲು ಮೇಲೆ ಹೋಗಿದೆ. ಸಹಿ ತಾಳೆಯಾಗಲ್ಲ. ಸೋಮವಾರ ಬನ್ನಿ. ಸೋಮವಾರ ಬನ್ನಿ ಅನ್ನುವುದನ್ನು ಅವನು ಎಷ್ಟು ಸಲ, ಎಷ್ಟು ದಣಿದು ಹೇಳಿದ್ದನೆಂದರೆ, ಕೊನೆಗೆ ಅದನ್ನು ಹೇಳುವವನು ಯಾರು, ಕೇಳಿಸಿಕೊಳ್ಳುವವನು ಯಾರು ಎಂದೇ ತಿಳಿಯುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಪ್ರಸನ್ನ ಪಿಂಚಣಿ ಕಾಗದಗಳಿಗಾಗಿ ಅಲೆದ ಕಚೇರಿ ಅದು. ಅವನು ಅರ್ಜಿ ಹಾಕಬೇಕಾಗಿದ್ದ ಕಚೇರಿಯೂ ಅದೇ. ಆ ಕೌಂಟರಿನ ಆಚೆ ಬದಿಗೆ ಹೋಗಿ ಕೂರಲು ಅವನಿಗೆ ಯಾಕೆ ಮನಸ್ಸಿಲ್ಲವೆಂದು ಆಗ ನನಗೆ ತಿಳಿಯಿತು.

ಇದನ್ನು ಮಿಸ್‌ಗೆ ಹೇಳಿದರೆ ಏನಾದರೂ ಬದಲಾದೀತೆಂದು ಅನ್ನಿಸಿ, ಮರುದಿನ ಅವರು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಹೇಳಿದೆ. ಹಾಡಿನ ಮಾತುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

“ನಾನೂ ಜೊತೇಲೇ ನಿಂತಿದ್ದೆ ಗಿರಿಜಾ,” ಅಂದರು. “ಕ್ಯೂನಲ್ಲಿ ಅವನ ಮುಂದೆ ಇದ್ದಿದ್ದೇ ನಾನು. ಸೋಮವಾರ ಬನ್ನಿ ಅಂದ್ರು, ಸೋಮವಾರ ಹೋದೆ. ಅದರಲ್ಲಿ ಹಾಡೇನಿದೆ?”

 

ಆದರೂ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದೆ. ನೆರಳಿನ ಹಾಡುಗಳನ್ನು ನೆರಳು ಎಂದೆ, ಪೆಟ್ಟಿಗೆಯ ಡ್ರಮ್ಮನ್ನು ಪೆಟ್ಟಿಗೆ ಎಂದೆ, ಆ ಕೊನೆಯ ಹಾಡಿಗಾಗಿ ಇಡೀ ಕ್ಯಾಸೆಟ್ ಕೊಳ್ಳಬಹುದು ಎಂದೆ. ಇದರಲ್ಲಿ ಧೈರ್ಯದ ಮಾತೇನೂ ಇಲ್ಲ. ಕೋಣೆ ಅವರದು, ನೀರು ಅವರದು, ಬೀದಿಯಲ್ಲಿ ಆಡುವ ಮಾತೂ ಅವರದು. ಇಷ್ಟು ವರ್ಷಗಳಲ್ಲಿ ನಾನು ಸ್ವಂತವಾಗಿ ಮಾಡಿಕೊಂಡದ್ದೆಂದರೆ ಈ ಕಿವಿಯೊಂದೇ. ಅದು ಒಂದು ಕೇಳಿ ನಾನು ಇನ್ನೊಂದು ಬರೆದರೆ ಆಮೇಲೆ ಈ ಊರಿನಲ್ಲಿ ನನಗೆ ಏನೂ ಉಳಿಯುತ್ತಿರಲಿಲ್ಲ.

ಸಂಚಿಕೆ ಬಂದ ದಿನ ಪ್ರಸನ್ನ ಮೆಟ್ಟಿಲಿನ ಮೇಲೆ ಕೂತು ಎರಡು ಸಲ ಓದಿದ. “ಥ್ಯಾಂಕ್ಸ್ ಅಕ್ಕ,” ಅಂದ. ಮುಖ ನಿಜಕ್ಕೂ ಅರಳಿತ್ತು. ಆಮೇಲೆ ಪತ್ರಿಕೆ ಮಡಚುತ್ತ, “ಆದ್ರೆ ಇದನ್ನ ಯಾರು ಓದ್ತಾರೆ ಹೇಳಿ? ನಮ್ಮ ಹಾಡು ಕೇಳೋರು ಕನ್ನಡ ಪತ್ರಿಕೆ ತಗೊಳ್ಳಲ್ಲ. ಕನ್ನಡ ಪತ್ರಿಕೆ ತಗೊಳ್ಳೋರು ನಮ್ಮ ಹಾಡು ಕೇಳಲ್ಲ,” ಅಂದ.

“ನಾನಿಲ್ಲೇನು?”

“ನೀವಿದೀರ ಅಕ್ಕ. ನೀವು ಒಬ್ರು.”

ಅವನು ನೋಯಿಸಬೇಕೆಂದು ಹೇಳಿದ್ದಲ್ಲ. ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಬರುವ ನಾಲ್ಕು ಸಾಲಿಗಾಗಿ ಅವನೂ ಗೆಳೆಯರೂ ಕಾಯುತ್ತಿದ್ದರು. ಅದೂ ಬಂತು. ಊರಿನ ಇನ್ನೊಂದು ಬ್ಯಾಂಡು, ಕೇಳಿದ್ದನ್ನೇ ಮತ್ತೆ ಕೇಳಿದಂತಿದೆ ಎಂದಿತ್ತು, ಕೊನೆಯ ಹಾಡಿನವರೆಗೆ ಬರೆದವರು ಹೋಗಿದ್ದಂತೆ ಕಾಣಲಿಲ್ಲ. ನನ್ನ ಇಡೀ ಪುಟಕ್ಕಿಂತ ಆ ನಾಲ್ಕು ಸಾಲು ತೂಕವಾಯಿತು. ಮಲ್ಲೇಶ್ವರದ ಅಂಗಡಿಯಲ್ಲಿ ಇಟ್ಟಿದ್ದ ಕ್ಯಾಸೆಟ್ಟುಗಳು ನಾನು ಹೋದಾಗಲೆಲ್ಲ ಅದೇ ಗೂಡಿನಲ್ಲಿ ಅಷ್ಟೇ ಇರುತ್ತಿದ್ದವು. ಡ್ರಮ್ ಬಾರಿಸುತ್ತಿದ್ದವನು ಮನೆಯವರ ತರಕಾರಿ ಮಂಡಿಯಲ್ಲಿ ಕೂತ. ಉಳಿದ ಇಬ್ಬರು ಬರುವುದು ನಿಲ್ಲಿಸಿದರು. ಯುಗಾದಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಪ್ರಸನ್ನ ಗಡ್ಡ ತೆಗೆದು, ಶರ್ಟು ಒಳಗೆ ಸೇರಿಸಿ, ತಾಯಿಯ ಜೊತೆ ಹೋಗಿ ಅರ್ಜಿ ಕೊಟ್ಟು ಬಂದ. ಕೆಲಸವೂ ಸಿಕ್ಕಿತು, ತಡವಾಗಿ.

ಸರೋಜಾ ಮಿಸ್ ಬಯಸಿದ್ದು ಹೀಗೆ ನನ್ನ ಸಹಾಯವಿಲ್ಲದೆಯೇ ಆಯಿತು. ಅವರು ನನ್ನ ಮೇಲೆ ರೇಗಲಿಲ್ಲ, ಆ ವಿಷಯ ಎತ್ತಲೂ ಇಲ್ಲ. ಹುಳಿಯ ಬಟ್ಟಲು ಒಂದೆರಡು ಸಲ ಬಂದು ಆಮೇಲೆ ನಿಂತಿತು. ಒಂದು ಬೆಳಿಗ್ಗೆ ಹಿಂಬಾಗಿಲಿನಿಂದ ದನಿ ಕೇಳಿತು. “ಗಿರಿಜಾ ಅವ್ರೇ, ಕರೆಂಟ್ ಬಿಲ್ ಬಂದಿದೆ, ನೋಡ್ತೀರಾ?”

ಅಷ್ಟು ವರ್ಷ ‘ನೀನು’ ಆಗಿದ್ದ ನಾನು ಅಂದಿನಿಂದ ‘ನೀವು’ ಆದೆ. ನಮ್ಮ ಕಡೆ ಜಗಳವಾದರೆ ಓಣಿಗೆಲ್ಲ ಕೇಳುತ್ತದೆ, ಬೈಗುಳ ಮುಗಿದ ಮೇಲೆ ಒಂದು ದಿನ ರಾಜಿಯೂ ಆಗುತ್ತದೆ. ಇಲ್ಲಿ ಮರ್ಯಾದೆ ಕೊಟ್ಟುಬಿಡುತ್ತಾರೆ. ಕೊಟ್ಟ ಮರ್ಯಾದೆಯನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಮುಂದೆ ಪ್ರಸನ್ನನ ಮದುವೆಯ ಮಾತುಕತೆ ಶುರುವಾಗಿ ಔಟ್‌ಹೌಸ್ ಬೇಕಾಗುತ್ತದೆಂದು ಅವರು ಬಹಳ ಸೌಜನ್ಯದಿಂದ ಹೇಳಿದರು. ನಾನು ಮಲ್ಲೇಶ್ವರಕ್ಕೆ ಬಂದೆ, ಮನೆಗಳ ಬೆನ್ನಿಗಿರುವ ಒಂದು ಸಣ್ಣ ಗಲ್ಲಿಗೆ. ಇಂಥ ಗಲ್ಲಿಗಳಿಗೆ ಇಲ್ಲಿ ಕನ್ಸರ್ವೆನ್ಸಿ ಅನ್ನುತ್ತಾರೆ. ಹಳೆಯ ಕಾಲದಲ್ಲಿ ಕಕ್ಕಸು ಬಳಿಯುವವರು ಬರುತ್ತಿದ್ದ ದಾರಿಯಂತೆ, ಈಗ ನನ್ನಂಥವರ ವಿಳಾಸ. ಟ್ರಂಕು ಆಟೋಗೆ ಏರಿಸಿದ್ದು ಪ್ರಸನ್ನನೇ. “ಬರ್ತಿರಿ ಅಕ್ಕ,” ಅಂದ. ಒಂದೆರಡು ಸಲ ಹೋದೆ ಕೂಡ. ಸರೋಜಾ ಮಿಸ್ ಮುಂಬಾಗಿಲು ತೆರೆದು ಹಾಲಿನಲ್ಲಿ ಕೂರಿಸಿದರು. ಹಿಂಬಾಗಿಲಿನಿಂದ ಒಳಹೋಗಿ ಅಡುಗೆಮನೆಯ ನೆಲದಲ್ಲಿ ಕೂತು ಅಭ್ಯಾಸವಾದವಳಿಗೆ ಆ ಸೋಫಾ ಒಗ್ಗಲಿಲ್ಲ. ಪ್ರಸನ್ನ ಕಚೇರಿಯ ಬಗ್ಗೆ ಮಾತಾಡಿದ, ಬಡ್ತಿಯ ಪರೀಕ್ಷೆಯ ಬಗ್ಗೆ ಮಾತಾಡಿದ. ಹೊಸದೇನು ಕೇಳುತ್ತಿದ್ದೀಯಾ ಎಂದರೆ, “ಎಲ್ಲಿ ಅಕ್ಕ, ಟೈಮೇ ಇಲ್ಲ,” ಅಂದ. ಹೆಂಡತಿ ತಂದ ಕಾಫಿ ಕುಡಿದು ಎದ್ದೆ.

ಕ್ಯಾಸೆಟ್ಟು ಹೋಗಿ ಸಿಡಿ ಬಂತು. ಸಿಡಿಯೂ ಹೋಗುವ ಹಾಗಾಗಿ, ಪತ್ರಿಕೆಗೆ ಆಲ್ಬಮ್ಮು ಕಳಿಸುವುದನ್ನೇ ಕಂಪನಿಗಳು ಬಿಟ್ಟವು. ನನ್ನ ಅಂಕಣದ ಜಾಗಕ್ಕೆ ಮನೆ ಕಟ್ಟುವ ಸೈಟುಗಳ ಜಾಹೀರಾತು ಬಂತು. ಕರಡು ತಿದ್ದುವ ಕೆಲಸ ಉಳಿದಿದೆ. ಈಗ ಬರೆಯಿರಿ ಎಂದು ಯಾರೂ ಕೇಳದಿದ್ದರೂ ಸಂಬಳ ಬಂದಾಗ ಒಂದು ಹೊಸ ಆಲ್ಬಮ್ಮು ಕೊಳ್ಳುತ್ತೇನೆ, ಮನಸ್ಸಿನಲ್ಲೇ ಅದರ ವಿಮರ್ಶೆ ಬರೆಯುತ್ತೇನೆ. ಪ್ರಸನ್ನನ ಕ್ಯಾಸೆಟ್ ನನ್ನ ಹತ್ತಿರವಿಲ್ಲ. ನನ್ನ ಹಳೆಯ ಬರಹವನ್ನು ಪೊಟ್ಟಣದ ಕಾಗದದಲ್ಲಿ ಓದಿದ ಗದಗಿನ ಒಬ್ಬ ಲೈನ್‌ಮನ್ ಅದು ಎಲ್ಲಿ ಸಿಗುತ್ತದೆಂದು ಕೇಳಿ ಕಾರ್ಡು ಹಾಕಿದ್ದರು. ಮಾರಾಟವಾಗದೆ ಉಳಿದಿದ್ದವನ್ನು ಅಂಗಡಿಯವರು ಅಷ್ಟರಲ್ಲಿ ವಾಪಸ್ ಕೊಟ್ಟಿದ್ದರು, ನನ್ನದನ್ನೇ ಕಳಿಸಿಬಿಟ್ಟೆ. ಅವರಿಂದ ಮತ್ತೆ ಸುದ್ದಿಯಿಲ್ಲ. ಕೇಳಿದರೋ, ಕೇಳಿ ಗದ್ದಲ ಅಂದುಕೊಂಡರೋ.

ಹೋದ ಸಲ ಊರಿಗೆ ಬಂದಾಗ ಅಣ್ಣ ನವನಗರದ ಹೊಸ ಮನೆ ತೋರಿಸಿದ. ಮನೆ ಚೆನ್ನಾಗಿದೆ, ಗಾಳಿ ಬೆಳಕು ಇದೆ. ವಿಳಾಸದಲ್ಲಿ ಓಣಿಯ ಹೆಸರಿಲ್ಲ, ಸೆಕ್ಟರ್ ನಂಬರು ಇದೆ. ಸಂಜೆ ಅವನು, “ನಡಿ, ಹಳೇ ಊರು ನೋಡ್ಕೊಂಡ್ ಬರೂಣು,” ಅಂದ. ಮಳೆಗಾಲ ಮುಗಿದಿತ್ತು, ಹಿನ್ನೀರು ತುಂಬಿತ್ತು. ನಾವು ಆಡಿದ ರಸ್ತೆ ಇಳಿಜಾರಿನಲ್ಲಿ ಸ್ವಲ್ಪ ದೂರ ಹೋಗಿ ನೀರಿನೊಳಗೆ ಇಳಿದುಬಿಟ್ಟಿತ್ತು.

“ಅಲ್ಲೇ ನೋಡು ನಮ್ಮ ಮನಿ,” ಎಂದು ಅಣ್ಣ ಕೈ ತೋರಿಸಿದ.

“ಅಲ್ಲಲ್ಲ. ಇನ್ನೂ ಎಡಕ್ಕ ಬರತೈತಿ.”

“ನೀ ಯಾವಾಗ ನೋಡಿದ್ದಿ? ನಾ ಕಡೀತನಕ ಇಲ್ಲೇ ಇದ್ದಾಂವ.”

 ಅವನು ತೋರಿಸಿದ ಕಡೆಯೂ ನೀರೇ ಇತ್ತು, ನಾನು ತೋರಿಸಿದ ಕಡೆಯೂ ನೀರೇ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ ನಮ್ಮ ಮಾತು ಕೇಳಿ ತಲೆಯೆತ್ತಿ, ನಾನು ಸೀರೆ ಉಟ್ಟ ರೀತಿ ನೋಡಿ, “ಬೆಂಗಳೂರಿನವರೇನ್ರೀ?” ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ “ಹೌದು” ಅಂದ.

ಎರಡು ದಿನದ ನಂತರ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಆಟೋ ಹತ್ತಿದೆ. ಮಲ್ಲೇಶ್ವರ ಅಂದದ್ದಷ್ಟೇ, ಅದಕ್ಕೇ ಚಾಲಕ ಕನ್ನಡಿಯಲ್ಲಿ ನೋಡಿ, “ಹುಬ್ಳಿ ಕಡೆಯೋರಾ ಮೇಡಂ? ಮಾತು ಕೇಳಿದ್ರೇ ಗೊತ್ತಾಗುತ್ತೆ,” ಅಂದ. ಹುಬ್ಬಳ್ಳಿ ನನ್ನ ಊರಲ್ಲ. ನನ್ನ ಊರು ಯಾವುದೆಂದು ಹೇಳಹೊರಟರೆ ಅಣೆಕಟ್ಟಿನಿಂದ ಶುರುಮಾಡಿ ಔಟ್‌ಹೌಸಿನವರೆಗೆ ಹೇಳಬೇಕು, ದಾರಿ ಅಷ್ಟು ಉದ್ದವಿರಲಿಲ್ಲ. ಮೈಯೆಲ್ಲ ನೋಯುತ್ತಿತ್ತು.

“ಹೌದು,” ಅಂದೆ.